ಅರ್ತೆಮಿಯ ಊರಿನಲ್ಲಿ ಪೌಲ: ಆರಂಭದ ಕ್ರೈಸ್ತ ಪ್ರಚಾರದ ಜಗಳವನ್ನು ಮೂಲದಿಂದಲೇ ಓದಿಕೊಳ್ಳುವ ಬಗೆ

‘ಅಪೊಸ್ತಲ ಪೌಲ ಗುಡಿಗಳನ್ನು ಒಡೆಸಿದನಾ?’ ‘ಊರಿಗೊಂದು ದೇವರನ್ನು ಒಪ್ಪಿಕೊಂಡಿದ್ದ ರೋಮನ್ನರಿಗೆ ಇನ್ನೊಂದು ದೇವರು ಯಾಕೆ ಭಾರವಾಯಿತು?’ ‘ಆ ಹಳೆಯ ದೇವರುಗಳೆಲ್ಲ ಕೊನೆಗೆ ಏನಾದರು?’ ಈ ಮೂರು ಪ್ರಶ್ನೆಗಳು ಬೇರೆಬೇರೆ ವೇಷದಲ್ಲಿ ನನ್ನ ಬಳಿ ಬರುತ್ತಲೇ ಇರುತ್ತವೆ. ಪೌಲ ಎಂದರೆ 1ನೇ ಶತಮಾನದಲ್ಲಿ ಇಂದಿನ ಟರ್ಕಿ, ಗ್ರೀಸ್‌ಗಳ ಊರೂರು ಸುತ್ತಿ ಯೇಸುವಿನ ಮತ ಸಾರಿದವನು. ಕೇಳುವವರಲ್ಲಿ ಇತಿಹಾಸದ ವಿದ್ಯಾರ್ಥಿಗಳಿದ್ದಾರೆ, ದಿನಾ ಬೈಬಲ್ ಓದುವವರಿದ್ದಾರೆ, ಯಾವುದೋ ವಿಡಿಯೊ ನೋಡಿ ತಲೆ ಬಿಸಿ ಮಾಡಿಕೊಂಡವರೂ ಇದ್ದಾರೆ. ಒಬ್ಬೊಬ್ಬರಿಗೂ ಉತ್ತರ ಬರೆಯುವ ಬದಲು, ಉತ್ತರ ಸಿಗುವ ಜಾಗಕ್ಕೆ ನೀವೇ ಹೋಗುವ ದಾರಿಯನ್ನು ಇಲ್ಲಿ ಹಾಕಿಕೊಡುತ್ತೇನೆ. ಓದಬೇಕಾದ ಮೂಲಗಳು ತುಂಬ ಇಲ್ಲ. ನಾಲ್ಕೈದು ಭಾನುವಾರದ ಬೆಳಗಿನ ಹೊತ್ತು ಸಾಕು. ಯಾವುದರ ನಂತರ ಯಾವುದು ಎನ್ನುವುದರಲ್ಲೇ ಜನ ಎಡವುವುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಒಪ್ಪಬೇಕಾಗಿಲ್ಲ. ಹೊಸ ಕ್ರೈಸ್ತರಿಗೂ ಹಳೆಯ ದೇವರುಗಳನ್ನು ಪೂಜಿಸುವವರಿಗೂ ನಡುವಿನ ಈ ಜಗಳ ನಡೆದದ್ದು ದೇವರು ಒಬ್ಬನೋ ಹಲವರೋ ಎಂಬ ತತ್ವಚರ್ಚೆಯಲ್ಲಿ ಅಷ್ಟಾಗಿ ಅಲ್ಲ. ಅದು ನಡೆದದ್ದು ಮಾಂಸದಂಗಡಿಯಲ್ಲಿ, ಬೆಳ್ಳಿ ಕೆಲಸದವರ ಓಣಿಯಲ್ಲಿ, ಊರಹಬ್ಬದಲ್ಲಿ, ಸರ್ಕಾರಿ ಕಾಗದದಲ್ಲಿ.

ಏನೇನು ಬೇಕು

ಒಂದು ಕನ್ನಡ ಬೈಬಲ್. ಅದರಲ್ಲಿ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 14, 16, 17 ಮತ್ತು 19ನೇ ಅಧ್ಯಾಯ; ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 8ರಿಂದ 10ನೇ ಅಧ್ಯಾಯ. ರೋಮನ್ ಅಧಿಕಾರಿ ಪ್ಲಿನಿಯ ಪತ್ರಗಳ ಹತ್ತನೇ ಸಂಪುಟದಿಂದ 96 ಮತ್ತು 97ನೇ ಪತ್ರ. ಇವುಗಳ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಇಂದಿನ ಟರ್ಕಿ ಮತ್ತು ಗ್ರೀಸ್ ಕಾಣುವ ಒಂದು ನಕಾಶೆ. ಒಂದು ನೋಟ್‌ಬುಕ್.

ನೋಟ್‌ಬುಕ್ಕಿನಲ್ಲಿ ಮೂರು ಕಂಬ ಎಳೆದುಕೊಳ್ಳಿ: ಯಾರು ಹೇಳುತ್ತಿದ್ದಾರೆ, ಘಟನೆ ನಡೆದು ಎಷ್ಟು ವರ್ಷಕ್ಕೆ ಹೇಳುತ್ತಿದ್ದಾರೆ, ಯಾರಿಗೆ ಏನು ನಷ್ಟ. ಮೂರನೆಯದನ್ನು ಖಾಲಿ ಬಿಡುವ ಆಸೆ ಬರುತ್ತದೆ. ಬಿಡಬೇಡಿ.

1. ‘ಪೇಗನ್’ ಎಂಬ ಪದವನ್ನು ಮೊದಲು ಸರಿಮಾಡಿಕೊಳ್ಳಿ

ಪೌಲನ ಕಾಲದಲ್ಲಿ ತನ್ನನ್ನು ತಾನು ಪೇಗನ್ ಎಂದು ಕರೆದುಕೊಂಡವರು ಒಬ್ಬರೂ ಇಲ್ಲ. ಲ್ಯಾಟಿನ್ ಭಾಷೆಯ ‘ಪಗಾನುಸ್’ ಎಂದರೆ ಹಳ್ಳಿಗ. ಸೈನ್ಯಕ್ಕೆ ಸೇರದ ಸಾಮಾನ್ಯ ಮನುಷ್ಯ ಎಂದೂ ಅರ್ಥವಿತ್ತು. 4ನೇ ಶತಮಾನದಲ್ಲಿ ಕ್ರೈಸ್ತರು ಅದನ್ನು ತಮ್ಮವರಲ್ಲದವರ ಮೇಲೆ ಅಂಟಿಸಿದರು. ಕನ್ನಡ ಬೈಬಲಿನಲ್ಲಿ ‘ಅನ್ಯಜನರು’ ಎಂದು ಬರುವುದು ಯೆಹೂದ್ಯರಲ್ಲದವರು ಎಂಬ ಅರ್ಥದಲ್ಲಿ. ಅದೂ ಹೊರಗಿನವರು ಇಟ್ಟ ಹೆಸರೇ.

ಅಂದರೆ ಎದುರು ಬದಿಯಲ್ಲಿ ಒಂದು ‘ಪೇಗನ್ ಮತ’ ಸಾಲುಗಟ್ಟಿ ನಿಂತಿರಲಿಲ್ಲ. ಒಂದೇ ಗ್ರಂಥ, ಒಬ್ಬನೇ ಗುರು, ಇಂಥದ್ದನ್ನೇ ನಂಬಬೇಕೆಂಬ ಕಟ್ಟಳೆ ಯಾವುದೂ ಇರಲಿಲ್ಲ. ಇದ್ದದ್ದು ಬಲಿ, ಧೂಪ, ಮೆರವಣಿಗೆ, ಹಬ್ಬದೂಟ. ಮನಸ್ಸಿನೊಳಗೆ ಏನು ನಂಬುತ್ತೀಯ ಎಂದು ಯಾರೂ ಕೇಳುತ್ತಿರಲಿಲ್ಲ. ಬಂದೆಯಾ, ಧೂಪ ಹಾಕಿದೆಯಾ, ಊಟಕ್ಕೆ ಕೂತೆಯಾ, ಅಷ್ಟೇ.

ಎಚ್ಚರಿಕೆ: ಇದೇ ಕಾರಣಕ್ಕೆ ಮೂಲಗಳಲ್ಲಿ ‘ನಾಸ್ತಿಕರು’ ಎಂಬ ಬೈಗುಳ ಕಂಡರೆ ಅದು ಯಾರಿಗೆ ಬಿದ್ದದ್ದು ಎಂದು ನೋಡಿ. ಬಿದ್ದದ್ದು ಕ್ರೈಸ್ತರಿಗೆ! ಗ್ರೀಕಿನ ‘ಅಥೆಯೊಸ್’ ಎಂದರೆ ಊರ ದೇವರಿಗೆ ನಡೆದುಕೊಳ್ಳದವನು. 2ನೇ ಶತಮಾನದ ನಡುವಿನಲ್ಲಿ ಸ್ಮುರ್ನದ ಮುದಿ ಬಿಷಪ್ ಪೊಲಿಕಾರ್ಪನನ್ನು ಕ್ರೀಡಾಂಗಣದಲ್ಲಿ ನಿಲ್ಲಿಸಿ, ‘ನಾಸ್ತಿಕರು ತೊಲಗಲಿ ಎನ್ನು, ಬಿಟ್ಟುಬಿಡುತ್ತೇವೆ’ ಎಂದು ರೋಮನ್ ಅಧಿಕಾರಿ ಹೇಳಿದ. ಮುದುಕ ಸುತ್ತ ಕೂತಿದ್ದ ಜನರ ಕಡೆ ಕೈ ಬೀಸಿ, ಆಕಾಶ ನೋಡಿ, ‘ನಾಸ್ತಿಕರು ತೊಲಗಲಿ’ ಎಂದ. ಬಿಡಲಿಲ್ಲ, ಸುಟ್ಟರು. ಒಂದೇ ಪದ, ಎರಡು ಬೆರಳು, ಎರಡು ದಿಕ್ಕು.

2. ಇಸವಿಗಳನ್ನು ಗೋಡೆಗೆ ಅಂಟಿಸಿ

ಪೌಲನ ಪತ್ರಗಳು ಸುಮಾರು ಕ್ರಿ.ಶ. 50ರ ದಶಕದವು. ಅಪೊಸ್ತಲರ ಕೃತ್ಯಗಳು ಹೆಚ್ಚಿನ ವಿದ್ವಾಂಸರ ಲೆಕ್ಕದಲ್ಲಿ 80ರಿಂದ 90ರ ಸುಮಾರಿನದು. ಅಂದರೆ ಘಟನೆ ನಡೆದು ಒಂದು ತಲೆಮಾರು ಕಳೆದ ಮೇಲಿನ ಬರಹ. ಪ್ಲಿನಿಯ ಪತ್ರ ಸುಮಾರು 112. ಚಕ್ರವರ್ತಿ ಡೀಸಿಯಸ್‌ನ ಬಲಿ ಆಜ್ಞೆ ಪ್ರಾಂತಗಳಲ್ಲಿ ಜಾರಿಯಾದದ್ದು 250. ಬಲಿಪೂಜೆಗೇ ನಿಷೇಧ ಬಂದದ್ದು ಥಿಯೊಡೋಸಿಯಸ್ ಕಾಲದಲ್ಲಿ, 391–392.

ಈ ಸರಣಿಗೆ ಗಟ್ಟಿ ಮೊಳೆಯೊಂದಿದೆ. ಕೊರಿಂಥದಲ್ಲಿ ಪೌಲನನ್ನು ಗಲ್ಲಿಯೋ ಎಂಬ ರಾಜ್ಯಪಾಲನ ಮುಂದೆ ನಿಲ್ಲಿಸಿದರು ಎಂದು ಅಪೊಸ್ತಲರ ಕೃತ್ಯಗಳು 18 ಹೇಳುತ್ತದೆ. ಈತ ತತ್ವಜ್ಞಾನಿ ಸೆನೆಕನ ಅಣ್ಣ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಶಾಸನದ ತುಣುಕುಗಳಲ್ಲಿ ಇವನ ಹೆಸರಿದೆ. ಅದರಿಂದ ಇವನ ಅಧಿಕಾರಾವಧಿ 51–52ರ ಆಸುಪಾಸು ಎಂದು ಗೊತ್ತಾಗುತ್ತದೆ. ಪೌಲನ ಬದುಕಿನ ಉಳಿದ ತಾರೀಖುಗಳೆಲ್ಲ ಹೆಚ್ಚುಕಡಿಮೆ ಈ ಮೊಳೆಗೇ ತೂಗುಬಿದ್ದಿವೆ.

ಎಲ್ಲರೂ ಬೀಳುವ ಗುಂಡಿ ಇಲ್ಲಿದೆ: 391ರಲ್ಲಿ ನಡೆದದ್ದನ್ನು 52ಕ್ಕೆ ಒಯ್ಯುವುದು. ನಡುವೆ 340 ವರ್ಷ ಇದೆ. ವಿಜಯನಗರ ಬಿದ್ದದ್ದರಿಂದ ಮೈಸೂರು ಅರಸರ 1905ರ ದಸರೆಯವರೆಗಿನಷ್ಟು ದೂರ.

3. ಲುಸ್ತ್ರದಿಂದ ಶುರುಮಾಡಿ, ಗಟ್ಟಿಯಾಗಿ ಓದಿ

14ನೇ ಅಧ್ಯಾಯ, 8ನೇ ವಚನದಿಂದ. ಲುಸ್ತ್ರ ಇಂದಿನ ಟರ್ಕಿಯ ಕೊನ್ಯಾ ಊರಿನ ಕಡೆಯ ಸಣ್ಣ ಪಟ್ಟಣ. ಪೌಲನ ಮಾತಿಗೆ ಹುಟ್ಟಾ ಕುಂಟನೊಬ್ಬ ಎದ್ದು ನಡೆದ ಎನ್ನುತ್ತಿದ್ದಂತೆ ಜನ ‘ದೇವರುಗಳೇ ಮನುಷ್ಯರಾಗಿ ಇಳಿದು ಬಂದಿದ್ದಾರೆ’ ಎಂದು ಕೂಗುತ್ತಾರೆ. ಪೌಲನ ಜೊತೆಗಾರ ಬಾರ್ನಬನೇ ಜ್ಯೂಸ್, ಮಾತಾಡುವವನು ಪೌಲನಾದ್ದರಿಂದ ಅವನು ಹೆರ್ಮೆಸ್. ಜ್ಯೂಸ್ ಎಂದರೆ ಗ್ರೀಕ್ ದೇವರುಗಳ ಒಡೆಯ, ಹೆರ್ಮೆಸ್ ಅವನ ದೂತ. ಊರ ಮುಂದಿನ ಗುಡಿಯ ಪೂಜಾರಿ ಹೋರಿಗಳನ್ನೂ ಹೂಮಾಲೆಗಳನ್ನೂ ತಂದೇಬಿಟ್ಟ.

ಎರಡು ವಿಷಯ ಗಮನಿಸಿ. ಜನ ಕೂಗಿದ್ದು ಲುಕವೋನ್ಯ ಭಾಷೆಯಲ್ಲಿ ಎಂದು ಬರೆದಿದೆ. ಹಾಗಾಗಿಯೇ ಇರಬೇಕು, ಮಾಲೆ ಕಣ್ಣಿಗೆ ಬೀಳುವವರೆಗೂ ಇಬ್ಬರಿಗೂ ಏನಾಗುತ್ತಿದೆ ಎಂದು ಗೊತ್ತಾದಂತಿಲ್ಲ. ಎರಡನೆಯದು, ಈ ಕಡೆಯ ಫ್ರುಗ್ಯ ನಾಡಿನಲ್ಲಿ ಇವೇ ಎರಡು ದೇವರುಗಳು ಬಡವರ ವೇಷದಲ್ಲಿ ಮನೆಮನೆ ಬಾಗಿಲು ತಟ್ಟಿ, ಸಾವಿರ ಮನೆಯವರು ಬಾಗಿಲು ಹಾಕಿಕೊಂಡು, ಒಂದೇ ಮುದಿ ದಂಪತಿ ಊಟ ಹಾಕಿದರು ಎಂಬ ಕಥೆಯಿದೆ; ರೋಮನ್ ಕವಿ ಓವಿಡ್ ಅದನ್ನು ಹೇಳಿದ್ದಾನೆ. ಬಾಗಿಲು ಹಾಕಿದ ಊರು ನೀರಲ್ಲಿ ಮುಳುಗಿಹೋಯಿತಂತೆ. ಲುಸ್ತ್ರದವರು ಆ ಕಥೆ ಕೇಳಿದ್ದರೆ, ಹೋರಿ ತಂದದ್ದು ಬರೀ ಭಕ್ತಿಯಿಂದಲ್ಲ, ಭಯದಿಂದಲೂ ಇರಬಹುದು.

ಪೌಲ, ಬಾರ್ನಬರು ಬಟ್ಟೆ ಹರಿದುಕೊಂಡು ‘ನಾವೂ ನಿಮ್ಮಂಥ ಮನುಷ್ಯರೇ’ ಎಂದು ಕೂಗುತ್ತಾರೆ. ಮಳೆ, ಬೆಳೆ ಕೊಟ್ಟ ದೇವರ ಮಾತಾಡುತ್ತಾರೆ. ಇಡೀ ಭಾಷಣದಲ್ಲಿ ಯೇಸುವಿನ ಹೆಸರೇ ಇಲ್ಲ. ಆಮೇಲೆ ಬೇರೆ ಊರುಗಳಿಂದ ಬಂದ ಯೆಹೂದ್ಯರ ಮಾತು ಕೇಳಿದ ಇದೇ ಜನದ ನಡುವೆ ಪೌಲನಿಗೆ ಕಲ್ಲೇಟು ಬೀಳುತ್ತದೆ. ಸತ್ತನೆಂದುಕೊಂಡು ಊರಾಚೆಗೆ ಎಳೆದು ಹಾಕುತ್ತಾರೆ. ಮೂರನೇ ಕಂಬಕ್ಕೆ ಬರೆದುಕೊಳ್ಳಿ: ಪೂಜಾರಿಗೆ ಮರ್ಯಾದೆ ಹೋಯಿತು, ಊರಿಗೆ ಹಬ್ಬ ಹೋಯಿತು.

4. ಅಥೆನ್ಸ್‌ನಲ್ಲಿ ತುಂಬ ಹೊತ್ತು ಕೂರಬೇಡಿ

17ನೇ ಅಧ್ಯಾಯದ ಅಥೆನ್ಸ್ ಭಾಷಣವನ್ನು ಪಂಡಿತರು ಮೆಚ್ಚಿ ಮೆಚ್ಚಿ ಸವೆಸಿದ್ದಾರೆ. ನನಗದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಪೌಲ ‘ಅರಿಯದ ದೇವರಿಗೆ’ ಎಂದು ಬರೆದ ಬಲಿಪೀಠವನ್ನು ಹಿಡಿದುಕೊಂಡು ಮಾತು ಶುರುಮಾಡುತ್ತಾನೆ. ಸೊಲೊಯ್ ಊರಿನ ಗ್ರೀಕ್ ಕವಿ ಅರಾಟಸ್‌ನ ಅರ್ಧ ಸಾಲನ್ನು, ‘ನಾವೂ ಅವನ ಸಂತಾನವೇ’ ಎಂಬುದನ್ನು, ಬಳಸುತ್ತಾನೆ. ಆ ಕವಿ ಅದನ್ನು ಬರೆದದ್ದು ಜ್ಯೂಸ್ ಬಗ್ಗೆ! ಕವಿಯೂ ಪೌಲನೂ ಕಿಲಿಕ್ಯ ಎಂಬ ಒಂದೇ ಸೀಮೆಯವರು. ಊರ ಕವಿಯ ಸಾಲು ಬಾಯಿಗೆ ಬಂದಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಂದು ಎಚ್ಚರಿಕೆ. ಪ್ರಾಚೀನ ಇತಿಹಾಸಕಾರರು ಭಾಷಣಗಳನ್ನು ಸಂದರ್ಭಕ್ಕೆ ಒಪ್ಪುವಂತೆ ತಾವೇ ಕಟ್ಟುತ್ತಿದ್ದರು. ಪೌಲನಿಗಿಂತ ಬಹಳ ಹಿಂದಿನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಹಾಗಾಗಿ ಇದು ಪೌಲ ಆಡಿದ ಮಾತಿನ ಟೇಪ್ ರೆಕಾರ್ಡ್ ಅಲ್ಲ. ಪೌಲನ ಸ್ವಂತ ದನಿ ಬೇಕೆಂದರೆ ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ವಿಗ್ರಹಪೂಜೆಯ ಬಗ್ಗೆ ಮಾತು ಬಹಳ ಖಾರವಾಗಿದೆ.

5. ಎಫೆಸದ ಗಲಭೆಯನ್ನು ನಾಲ್ಕು ಸಲ ಓದಿ

ಇಡೀ ವಿಷಯದ ತಿರುಳು 19ನೇ ಅಧ್ಯಾಯದಲ್ಲಿದೆ. ಎಫೆಸ ಟರ್ಕಿಯ ಪಶ್ಚಿಮ ಕರಾವಳಿಯ ದೊಡ್ಡ ಬಂದರು. ಅಲ್ಲಿನ ಅರ್ತೆಮಿದೇವಿಯ ಗುಡಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ಜನ ಹಣವನ್ನು ಅಲ್ಲಿ ಠೇವಣಿ ಇಡುತ್ತಿದ್ದರು. ಗುಡಿಯೂ ಹೌದು, ಬ್ಯಾಂಕೂ ಹೌದು. ಪೌಲ ಅಲ್ಲಿ ಎರಡು ವರ್ಷಕ್ಕೂ ಮೇಲೆ ಇದ್ದ, ತುರನ್ನ ಎಂಬವನ ಪಾಠಶಾಲೆಯಲ್ಲಿ ದಿನಾ ಮಾತಾಡುತ್ತಿದ್ದ.

ಮೊದಲ ಸಲ ಓದುವಾಗ ಕಥೆ ಹಿಡಿಯಿರಿ. ದೇಮೇತ್ರಿಯ ಎಂಬ ಬೆಳ್ಳಿ ಕೆಲಸದವನು ಅರ್ತೆಮಿಯ ಪುಟ್ಟ ಬೆಳ್ಳಿಗುಡಿಗಳನ್ನು ಮಾಡಿಸಿ ಮಾರುತ್ತಿದ್ದ. ಕಸುಬಿನವರನ್ನೆಲ್ಲ ಸೇರಿಸಿ ಭಾಷಣ ಮಾಡಿದ. ಊರೇ ಎದ್ದಿತು. ಪೌಲನ ಜೊತೆಗಾರರಾದ ಗಾಯ, ಅರಿಸ್ತಾರ್ಕರನ್ನು ನಾಟಕಶಾಲೆಗೆ ಎಳೆದೊಯ್ದರು. ಎರಡು ತಾಸು ‘ಎಫೆಸದವರ ಅರ್ತೆಮಿಯೇ ದೊಡ್ಡವಳು’ ಎಂಬ ಕೂಗು. ಕೊನೆಗೆ ಪಟ್ಟಣದ ಲೇಖಕ, ಅಂದರೆ ಊರಾಡಳಿತದ ಮುಖ್ಯ ಅಧಿಕಾರಿ, ಸಮಾಧಾನ ಮಾಡಿ ಎಲ್ಲರನ್ನೂ ಮನೆಗೆ ಕಳಿಸಿದ. ಆ ನಾಟಕಶಾಲೆ ಇವತ್ತೂ ಇದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವಷ್ಟು ದೊಡ್ಡದು.

ಎರಡನೇ ಸಲ ದೇಮೇತ್ರಿಯನ ಮಾತಿನ ಕ್ರಮವನ್ನಷ್ಟೇ ನೋಡಿ. ಬಾಯಿ ತೆರೆದೊಡನೆ ಅವನು ಹೇಳುವುದು ‘ಈ ಕಸುಬಿನಿಂದಲೇ ನಮಗೆ ಐಶ್ವರ್ಯ’ ಎಂದು. ಆಮೇಲೆ ಪೌಲನ ಮೇಲೆ ದೂರು: ಕೈಯಿಂದ ಮಾಡಿದವು ದೇವರಲ್ಲ ಅನ್ನುತ್ತಾನೆ. ಆಮೇಲೆ ಕಸುಬಿಗೆ ಕೆಟ್ಟ ಹೆಸರು. ಅದಾದ ಮೇಲೆ ಗುಡಿ. ದೇವಿಯ ಮಹಿಮೆ ಕಟ್ಟಕಡೆಗೆ. ಮೂರು ಅಧ್ಯಾಯ ಹಿಂದಕ್ಕೆ, ಫಿಲಿಪ್ಪಿ ಊರಿನಲ್ಲಿ ಕಣಿ ಹೇಳುತ್ತಿದ್ದ ದಾಸಿಯೊಬ್ಬಳ ಮೈಮೇಲಿನ ಭೂತವನ್ನು ಪೌಲ ಬಿಡಿಸಿದಾಗಲೂ ಹೀಗೇ. ಯಜಮಾನರ ಗಳಿಕೆ ನಿಂತಿತು. ನ್ಯಾಯಾಧಿಕಾರಿಗಳ ಮುಂದೆ ಮಾತ್ರ ಅವರು ಗಳಿಕೆಯ ಮಾತೆತ್ತದೆ ‘ನಮ್ಮ ರೋಮನ್ ಪದ್ಧತಿ ಕೆಡಿಸುತ್ತಾರೆ’ ಎಂದರು.

ಆದರೂ ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದೆದ್ದದ್ದೇ. ‘ಎಲ್ಲ ದುಡ್ಡಿನ ಆಟ, ಭಕ್ತಿ ಬರೀ ನೆಪ’ ಎಂದು ತೀರ್ಪು ಕೊಟ್ಟುಬಿಡುವುದು. ಈ ಭಾಷಣವನ್ನು ನಮಗೆ ದಾಟಿಸುತ್ತಿರುವವನು ಪೌಲನ ಕಡೆಯವನು. ಎದುರಾಳಿಯ ಬಾಯಲ್ಲಿ ಲಾಭದ ಮಾತನ್ನು ಮೊದಲು ಇಡುವುದರಲ್ಲಿ ಅವನಿಗೂ ಲಾಭವಿದೆ. ಮೊದಲ ಕಂಬ ಇರುವುದು ಇದಕ್ಕೇ.

ಮೂರನೇ ಸಲ ಪಟ್ಟಣದ ಲೇಖಕನ ಮಾತು ಮಾತ್ರ ಓದಿ, 35ರಿಂದ 40. ಎಂಥ ಜಾಣ ಅಧಿಕಾರಿ! ಎಫೆಸ ಅರ್ತೆಮಿಯ ಗುಡಿಗೂ ‘ಆಕಾಶದಿಂದ ಬಿದ್ದ’ ಮೂರ್ತಿಗೂ ಪಾಲಕ ಎಂಬುದು ಯಾರಿಗೆ ಗೊತ್ತಿಲ್ಲ ಎನ್ನುತ್ತಾನೆ. ಕೈಯಿಂದ ಮಾಡಿದವು ದೇವರಲ್ಲ ಎಂಬ ವಾದಕ್ಕೆ ಒಂದೇ ಪದದ ಉತ್ತರ ಇದು: ನಮ್ಮದು ಕೈಯಿಂದ ಮಾಡಿದ್ದೇ ಅಲ್ಲವಲ್ಲ. ಆಮೇಲೆ, ಇವರು ಗುಡಿಗಳ್ಳರೂ ಅಲ್ಲ, ದೇವಿಯನ್ನು ಬೈದವರೂ ಅಲ್ಲ. ದೂರಿದ್ದರೆ ಕೋರ್ಟಿದೆ, ರಾಜ್ಯಪಾಲರಿದ್ದಾರೆ. ನಿಜವಾದ ಭಯ ಕೊನೆಯ ಸಾಲಿನಲ್ಲಿದೆ: ದಂಗೆಯೆದ್ದರೆಂದು ನಮ್ಮ ಮೇಲೇ ಕೇಸು ಬಿದ್ದೀತು. ರೋಮಿನ ಆಳ್ವಿಕೆಯ ಊರಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಇಲ್ಲ.

ನಾಲ್ಕನೇ ಸಲ ಗುಂಪನ್ನು ನೋಡಿ. ‘ಹೆಚ್ಚಿನವರಿಗೆ ತಾವು ಯಾಕೆ ಸೇರಿದ್ದೇವೆಂದೇ ಗೊತ್ತಿರಲಿಲ್ಲ’ ಎಂಬ ಸಾಲು 32ನೇ ವಚನದಲ್ಲಿದೆ. ಯೆಹೂದ್ಯರು ಅಲೆಕ್ಸಾಂದ್ರ ಎಂಬವನನ್ನು ಮುಂದೆ ನೂಕುತ್ತಾರೆ. ‘ಇದಕ್ಕೂ ನಮಗೂ ಸಂಬಂಧವಿಲ್ಲ’ ಎನ್ನುವುದಕ್ಕೇ ಇರಬಹುದು, ಆದರೆ ಅವನು ಮಾತಾಡುವ ಮೊದಲೇ ಜನ ಅವನು ಯೆಹೂದ್ಯ ಎಂದು ಗುರುತಿಸಿ ಕೂಗಿ ಬಾಯಿ ಮುಚ್ಚಿಸುತ್ತಾರೆ. ವಿಗ್ರಹ ಪೂಜಿಸದ ಇಬ್ಬರಲ್ಲಿ ಯಾರು ಯಾರೆಂದು ಬೀದಿಯ ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ಈಗ ಶಾಸನಕ್ಕೆ ಬನ್ನಿ. ದೇಮೇತ್ರಿಯ ಹೆದರಿದಂತೆ ಆಯಿತೇ? 104ರಲ್ಲಿ ಸಾಲುತಾರಿಸ್ ಎಂಬ ಶ್ರೀಮಂತ ಎಫೆಸಕ್ಕೆ ದತ್ತಿ ಕೊಟ್ಟ ದೊಡ್ಡ ಶಾಸನವಿದೆ: ಚಿನ್ನ, ಬೆಳ್ಳಿಯ ಅರ್ತೆಮಿ ಮೂರ್ತಿಗಳು, ಗುಡಿಯಿಂದ ಹೊರಟು ಊರು ಸುತ್ತಿ ಮತ್ತೆ ಗುಡಿಗೆ ಬರುವ ಮೆರವಣಿಗೆ, ಹಂಚಬೇಕಾದ ಹಣದ ಲೆಕ್ಕ. ಪೌಲ ಊರು ಬಿಟ್ಟು ಐವತ್ತು ವರ್ಷವಾದರೂ ಬೆಳ್ಳಿ ಕೆಲಸದವರಿಗೆ ಕೈತುಂಬ ಕೆಲಸವಿತ್ತು. ಆ ಗುಡಿಗೆ ದೊಡ್ಡ ಪೆಟ್ಟು ಬಿದ್ದದ್ದು 260ರ ದಶಕದಲ್ಲಿ, ಸಮುದ್ರದಿಂದ ನುಗ್ಗಿದ ಗೋಥರು ಎಂಬ ಬುಡಕಟ್ಟಿನವರಿಂದ. ಅವರು ಬಂದದ್ದು ಲೂಟಿಗೆ.

ಇದೇ ಅಧ್ಯಾಯದಲ್ಲಿ ಮಂತ್ರದ ಪುಸ್ತಕಗಳನ್ನು ಸುಟ್ಟ ಪ್ರಸಂಗವೂ ಇದೆ, ಬೆಲೆ 50,000 ಬೆಳ್ಳಿ ನಾಣ್ಯ. ಒಂದು ನಾಣ್ಯ ಸುಮಾರು ಒಂದು ದಿನದ ಕೂಲಿ. ಸುಟ್ಟವರು ಆ ಪುಸ್ತಕಗಳ ಒಡೆಯರೇ ಎಂಬುದನ್ನು ಓದುವ ಭರದಲ್ಲಿ ಬಿಡಬೇಡಿ. ಪೌಲನೋ ಅವನ ಜೊತೆಯವರೋ ಯಾರದೋ ವಿಗ್ರಹವನ್ನು ಮುರಿದರು ಎಂಬ ಒಂದು ಸಾಲೂ ಈ ಪುಸ್ತಕದಲ್ಲಿ ಎಲ್ಲೂ ಇಲ್ಲ.

6. ಕೊರಿಂಥದ ಮಾಂಸದಂಗಡಿ

ಈವರೆಗೆ ಹೊರಗಿನ ಜಗಳ. ಈಗ ಮನೆಯೊಳಗಿನದು. ಬಲಿಯಾದ ಪ್ರಾಣಿಯ ಒಂದು ಭಾಗ ದೇವರಿಗೆ ಸುಡುತ್ತಿದ್ದರು. ಉಳಿದದ್ದು ಗುಡಿಯ ಊಟದ ಕೋಣೆಗೆ, ಕೆಲವೊಮ್ಮೆ ಅಂಗಡಿಗೆ. ಕೊರಿಂಥದಲ್ಲಿ ಅಗೆದಾಗ ವೈದ್ಯದೇವರು ಅಸ್ಕ್ಲೇಪಿಯಸ್‌ನ ಗುಡಿಯ ಪಕ್ಕ ಗೋಡೆಗುಂಟ ಮಂಚಗಳಿದ್ದ ಊಟದ ಕೋಣೆಗಳು ಸಿಕ್ಕಿವೆ. ಮದುವೆ, ಹುಟ್ಟುಹಬ್ಬ, ಕಸುಬಿನ ಸಂಘದ ಔತಣಗಳಿಗೆ ಇಂಥ ಕೋಣೆಗಳೇ ಆಗುತ್ತಿದ್ದವು. ಹೊಸದಾಗಿ ಕ್ರೈಸ್ತನಾದ ಕಂಚುಗಾರ ಸಂಘದ ಊಟಕ್ಕೆ ಹೋಗಬೇಕೋ ಬೇಡವೋ?

ಕನ್ನಡ ಅನುವಾದದಲ್ಲಿ ‘ನೈವೇದ್ಯ’ ಎಂಬ ಮಾತು ಬಂದಾಗ ನಮ್ಮ ಕಣ್ಣಿಗೆ ಮೊಸರನ್ನ, ತೆಂಗಿನಕಾಯಿ ಬಂದರೆ ಅಧ್ಯಾಯದ ಬಿಸಿ ತಟ್ಟುವುದಿಲ್ಲ. ಹರಕೆಯ ಕುರಿಯ ಪಾಲು ಎಂದುಕೊಂಡು ಓದಿ.

ಪೌಲ ಗೆರೆ ಎಳೆಯುವ ರೀತಿ ನೋಡಿ. ಅಂಗಡಿಯಲ್ಲಿ ಮಾರುವುದನ್ನು ಪ್ರಶ್ನೆ ಕೇಳದೆ ತಿನ್ನಿ (10:25). ಯಾರದೋ ಮನೆಗೆ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದು ಉಣ್ಣಿ. ‘ಇದು ಬಲಿಯದ್ದು’ ಎಂದು ಯಾರಾದರೂ ಹೇಳಿದರೆ ಮುಟ್ಟಬೇಡಿ. ಗುಡಿಯ ಪಂಕ್ತಿಯಲ್ಲಿ ಮಾತ್ರ ಕೂರಬೇಡಿ. ಇದು ಸಿದ್ಧಾಂತಿಯ ಬರಹಕ್ಕಿಂತ, ನೆಂಟರಿಷ್ಟರ ನಡುವೆ ಬದುಕಬೇಕಾದವರಿಗೆ ಬರೆದ ಕಾಗದ. ಇದು ಘಟನೆಯ ಕಾಲದಲ್ಲೇ ಬರೆದದ್ದು ಎಂದು ಎರಡನೇ ಕಂಬದಲ್ಲಿ ಗುರುತು ಹಾಕಿ.

7. ಈಗ ಎದುರು ಬದಿಯ ಪತ್ರ: ಪ್ಲಿನಿ

ಕಪ್ಪು ಸಮುದ್ರದ ದಂಡೆಯ ಬಿಥೂನ್ಯ–ಪೊಂತ ಪ್ರಾಂತಕ್ಕೆ ಪ್ಲಿನಿ ರಾಜ್ಯಪಾಲ. ಚಕ್ರವರ್ತಿ ಟ್ರಾಜನ್‌ಗೆ ಬರೆದ 96ನೇ ಪತ್ರ ಕ್ರೈಸ್ತರ ಬಗ್ಗೆ ಹೊರಗಿನವರು ಬರೆದ ಅತಿ ಹಳೆಯ ವಿವರವಾದ ದಾಖಲೆ. ಆರಂಭವೇ ಗುಮಾಸ್ತನ ಧಾಟಿ: ಇಂಥ ವಿಚಾರಣೆಯಲ್ಲಿ ನಾನು ಎಂದೂ ಕೂತವನಲ್ಲ, ಏನು ಮಾಡಲಿ, ಅಪ್ಪಣೆಯಾಗಲಿ.

ಅವನ ಪದ್ಧತಿ ಇದು. ಕ್ರೈಸ್ತನೇನಯ್ಯ ಎಂದು ಮೂರು ಸಲ, ಶಿಕ್ಷೆಯ ಬೆದರಿಕೆಯೊಡನೆ ಕೇಳುವುದು. ಮೂರೂ ಸಲ ಹೌದೆಂದರೆ ಮರಣದಂಡನೆ. ರೋಮನ್ ಪೌರನಾದರೆ ರೋಮಿಗೆ ರವಾನೆ. ಅಲ್ಲ ಎಂದವರಿಗೆ ಪರೀಕ್ಷೆ: ದೇವರುಗಳನ್ನು ಕರೆ, ಚಕ್ರವರ್ತಿಯ ಮೂರ್ತಿಗೆ ಮದ್ಯ, ಧೂಪ ಅರ್ಪಿಸು, ಕ್ರಿಸ್ತನನ್ನು ಶಪಿಸು. ನಿಜವಾದ ಕ್ರೈಸ್ತರ ಕೈಯಲ್ಲಿ ಇದನ್ನು ಮಾಡಿಸಲಾಗದಂತೆ ಎಂದು ಅವನೇ ಬರೆಯುತ್ತಾನೆ. ಇವರು ಮಾಡುವ ಅಪರಾಧವಾದರೂ ಏನು ಎಂದು ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸುತ್ತಾನೆ. ಕ್ರೈಸ್ತರ ಸಭೆಯಲ್ಲಿ ಆ ಹೆಂಗಸರಿಗೆ ಸೇವಕಿಯರು ಎಂಬ ಪದವಿ ಇತ್ತು. ಸಿಕ್ಕದ್ದು ಇಷ್ಟೇ: ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ ಎಂದು ಆಣೆ ಮಾಡುತ್ತಾರೆ, ಆಮೇಲೆ ಸಾಮಾನ್ಯ ಊಟ. ಪ್ಲಿನಿ ಇದಕ್ಕೆ ‘ಸೂಪರ್‌ಸ್ಟಿಟಿಯೊ’ ಎಂಬ ಮುದ್ರೆ ಒತ್ತುತ್ತಾನೆ. ಆಗಿನ ಲ್ಯಾಟಿನ್ನಿನಲ್ಲಿ ಅದರರ್ಥ ಮೂಢನಂಬಿಕೆ ಎನ್ನುವುದಕ್ಕಿಂತ, ಮಿತಿಮೀರಿದ, ಪರಕೀಯ ಭಕ್ತಿ ಎಂದು.

ಪತ್ರದ ಕೊನೆಯಲ್ಲಿ ಎದ್ದು ಕೂರಿ. ಪಾಳುಬೀಳುತ್ತಿದ್ದ ಗುಡಿಗಳಿಗೆ ಮತ್ತೆ ಜನ ಬರುತ್ತಿದ್ದಾರೆ, ಕೊಳ್ಳುವವರೇ ಇಲ್ಲದಿದ್ದ ಬಲಿಮಾಂಸ ಮತ್ತೆ ಮಾರಾಟವಾಗುತ್ತಿದೆ ಎನ್ನುತ್ತಾನೆ. ಕೊರಿಂಥದ ಅಂಗಡಿಯನ್ನು ಆಗ ಒಳಗಿನಿಂದ ನೋಡಿದಿರಿ, ಈಗ ಸರ್ಕಾರದ ಕಿಟಕಿಯಿಂದ ನೋಡುತ್ತಿದ್ದೀರಿ.

ಎಚ್ಚರಿಕೆ: ‘ಗುಡಿಗಳು ಪಾಳುಬಿದ್ದಿದ್ದವು’ ಎಂಬುದನ್ನು ಜನಗಣತಿಯಂತೆ ನಂಬಬೇಡಿ. ನಾನು ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಮೇಲಧಿಕಾರಿಗೆ ಬರೆಯುವವನು ಮೊದಲಿದ್ದ ಸ್ಥಿತಿಯನ್ನು ಸ್ವಲ್ಪ ಕಪ್ಪಾಗಿಯೇ ಬರೆಯುತ್ತಾನೆ.

ಟ್ರಾಜನ್‌ನ ಉತ್ತರ, 97ನೇ ಪತ್ರ, ನಾಲ್ಕೇ ಸಾಲು. ಹುಡುಕಿಕೊಂಡು ಹೋಗಬೇಡ, ಸಿಕ್ಕಿಬಿದ್ದು ಸಾಬೀತಾದರೆ ಶಿಕ್ಷಿಸು, ನಮ್ಮ ದೇವರುಗಳಿಗೆ ಪೂಜೆ ಮಾಡಿದರೆ ಕ್ಷಮಿಸು, ಹೆಸರಿಲ್ಲದ ದೂರು ತೆಗೆದುಕೊಳ್ಳಬೇಡ. ಮೊದಲ ಮೂರು ಶತಮಾನ ಪೂರ್ತಿ ಕ್ರೈಸ್ತರನ್ನು ಸಿಂಹಕ್ಕೆ ಹಾಕುತ್ತಲೇ ಇದ್ದರು ಎಂದುಕೊಂಡವರು ಈ ಉತ್ತರವನ್ನು ಎರಡು ಸಲ ಓದಬೇಕು. ಹಿಂಸೆ ಇತ್ತು, ಭೀಕರವಾಗಿತ್ತು, ಆದರೆ 250ರವರೆಗೆ ಹೆಚ್ಚಾಗಿ ಊರೂರಿನ ಸಿಟ್ಟಿನಿಂದ ಎದ್ದದ್ದು. ನದಿ ಉಕ್ಕಿದರೂ, ಮಳೆ ಹೋದರೂ, ಭೂಮಿ ನಡುಗಿದರೂ ‘ಕ್ರೈಸ್ತರನ್ನು ಸಿಂಹಕ್ಕೆ ಹಾಕಿ’ ಎನ್ನುತ್ತೀರಲ್ಲ ಎಂದು ಕಾರ್ಥೇಜಿನ ಕ್ರೈಸ್ತ ಬರಹಗಾರ ತೆರ್ತುಲ್ಲಿಯನ್ 197ರ ಸುಮಾರಿಗೆ ಹಂಗಿಸಿದ್ದು ಇದನ್ನೇ. ದೇವರಿಗೆ ಕೊಡಬೇಕಾದ್ದು ಕೊಡದಿದ್ದರೆ ಇಡೀ ಊರಿಗೆ ಕಂಟಕ ಎಂದು ಜನ ನಿಜವಾಗಿ ನಂಬಿದ್ದರು.

8. ಒಂದು ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ನೋಡಿ

ಡೀಸಿಯಸ್ ಸಾಮ್ರಾಜ್ಯದ ಎಲ್ಲರೂ ದೇವರುಗಳಿಗೆ ಬಲಿ ಕೊಡಬೇಕೆಂದ. ಕೊಟ್ಟವರಿಗೆ ಪ್ರಮಾಣಪತ್ರ, ಅದರ ಹೆಸರು ಲಿಬೆಲ್ಲಸ್. ಈಜಿಪ್ಟಿನ ಒಣ ಮರಳಿನಲ್ಲಿ ಇಂಥವು ನಲವತ್ತಕ್ಕೂ ಹೆಚ್ಚು ಉಳಿದಿವೆ, 250ರ ಜೂನ್, ಜುಲೈ ತಿಂಗಳವು. ಮೊದಲು ಬೆಳಕಿಗೆ ಬಂದದ್ದು ದಿಯೊಗೆನೆಸ್ ಎಂಬವನದು. ಅದರ ಸಾರ ಹೀಗೆ:

‘ಬಲಿಯ ಮೇಲ್ವಿಚಾರಕರಿಗೆ. ಸತಬೂಸನ ಮಗ ಔರೇಲಿಯಸ್ ದಿಯೊಗೆನೆಸ್, ವಯಸ್ಸು 72, ಬಲಹುಬ್ಬಿನ ಮೇಲೆ ಗಾಯದ ಗುರುತು. ನಾನು ಯಾವಾಗಲೂ ದೇವರುಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ. ಈಗ ನಿಮ್ಮೆದುರು, ಆಜ್ಞೆಯಂತೆ, ಬಲಿ ಕೊಟ್ಟಿದ್ದೇನೆ, ಮದ್ಯ ಎರೆದಿದ್ದೇನೆ, ಬಲಿಯ ಪಾಲು ತಿಂದಿದ್ದೇನೆ. ದೃಢೀಕರಿಸಬೇಕಾಗಿ ಕೋರಿಕೆ.’

ಗುರುತಿನ ಮಚ್ಚೆಯ ಕಾಲಂ ಸುಮಾರು 1,775 ವರ್ಷ ಹಳೆಯದು! ಬೇರೆ ಪತ್ರಗಳಲ್ಲಿ ಅರ್ಜಿ ಬರೆದದ್ದು ಒಂದು ಕೈ, ಸಾಕ್ಷಿಯ ರುಜು ಇನ್ನೊಂದು ಕೈ. ಎಪ್ಪತ್ತೆರಡರ ಈ ಮುದುಕ ಕ್ರೈಸ್ತನಾಗಿದ್ದನೇ, ಹೆದರಿ ಬಲಿ ಕೊಟ್ಟನೇ? ಕಾಗದದಲ್ಲಿ ಅದಿಲ್ಲ. ಇಂಥದ್ದೇ ಪತ್ರ ಪೆತೆಸೂಖೊಸ್ ಎಂಬ ಮೊಸಳೆದೇವರ ಪೂಜಾರಿಣಿಯ ಹೆಸರಲ್ಲೂ ಇದೆ. ಅವಳು ದಿನಾ ಪೂಜೆ ಮಾಡುವವಳೇ, ಆದರೂ ಸರ್ಟಿಫಿಕೇಟು ಬೇಕಾಯಿತು. ಹಾಗಾಗಿ ‘ಲಿಬೆಲ್ಲಸ್ ಇದ್ದವರೆಲ್ಲ ಮತ ಬಿಟ್ಟ ಕ್ರೈಸ್ತರು’ ಎಂದು ಬರೆದಿರುವ ಲೇಖನ ಕಂಡರೆ ಪುಟ ತಿರುಗಿಸಿ. ಬಲಿ ಕೊಡದೆ ಲಂಚ ಕೊಟ್ಟು ಪತ್ರ ಮಾಡಿಸಿಕೊಂಡ ಕ್ರೈಸ್ತರೂ ಇದ್ದರು. ಅವರನ್ನು ಸಭೆಗೆ ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಜಗಳವೇ ಆಮೇಲೆ ದೊಡ್ಡದಾಯಿತು.

ಕನ್ನಡಿಗರಿಗೊಂದು ಉಪಕಥೆ: ಈ ಪತ್ರಗಳಲ್ಲಿ ಕೆಲವು ಸಿಕ್ಕದ್ದು ಆಕ್ಸಿರಿಂಕಸ್ ಎಂಬ ಊರಿನ ಕಸದ ತಿಪ್ಪೆಯಲ್ಲಿ. ಗ್ರೀಕ್ ಪ್ರಹಸನವೊಂದರ ಹಾಳೆ ಸಿಕ್ಕದ್ದೂ ಅದೇ ತಿಪ್ಪೆಗಳಲ್ಲಿ. ಅದರಲ್ಲಿ ಬರುವ ‘ಬರ್ಬರ’ ಮಾತುಗಳು ಕನ್ನಡವೋ ತುಳುವೋ ಎಂದು ನೂರು ವರ್ಷದಿಂದ ವಾದ ನಡೆಯುತ್ತಿದೆ.

9. 4ನೇ ಶತಮಾನಕ್ಕೆ ಬೇರೆ ನೋಟ್‌ಬುಕ್ ತೆರೆಯಿರಿ

ಇಲ್ಲಿ ಕೋಲು ಕೈ ಬದಲಾಯಿಸುತ್ತದೆ. 303ರಲ್ಲಿ ಚಕ್ರವರ್ತಿ ಡಯೊಕ್ಲೀಶಿಯನ್ ಚರ್ಚುಗಳನ್ನು ಕೆಡವಿಸಿದ. 313ರ ಹೊತ್ತಿಗೆ ಕ್ರೈಸ್ತರಿಗೆ ಪೂಜಾ ಸ್ವಾತಂತ್ರ್ಯ. 391ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವರ ಗುಡಿಯನ್ನು ಕ್ರೈಸ್ತರು ಕೆಡವಿದರು. ‘ಗುಡಿ ಒಡೆದರಾ’ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಈ ನೋಟ್‌ಬುಕ್ಕಿಗೆ ಸೇರಿದ್ದು. ಅದನ್ನು ಮುಚ್ಚಿಡುವುದೂ ಬೇಡ, ಪೌಲನ ತಲೆಗೆ ಕಟ್ಟುವುದೂ ಬೇಡ.

ನಡುವಣ ಕಾಲದ ಒಂದು ಸಣ್ಣ ಕಾನೂನು ಇಲ್ಲಿ ಕೆಲಸಕ್ಕೆ ಬರುತ್ತದೆ. 4ನೇ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಬಿಷಪ್ಪರ ಸಭೆಯ 60ನೇ ನಿಯಮ: ವಿಗ್ರಹ ಒಡೆಯಲು ಹೋಗಿ ಅಲ್ಲೇ ಕೊಲೆಯಾದವನನ್ನು ಹುತಾತ್ಮರ ಪಟ್ಟಿಗೆ ಸೇರಿಸಬಾರದು; ಸುವಾರ್ತೆಯಲ್ಲಿ ಹಾಗೆ ಬರೆದಿಲ್ಲ, ಅಪೊಸ್ತಲರು ಹಾಗೆ ಮಾಡಿಲ್ಲ. ನಿಯಮ ಬೇಕಾಯಿತೆಂದರೆ ಒಡೆಯಲು ಹೋಗುವವರು ಇದ್ದರು ಎಂದೇ ಅರ್ಥ.

ಓದಲೇಬೇಕಾದ ಎರಡು ಅರ್ಜಿಗಳಿವೆ, ಎರಡೂ ಸೋತ ಕಡೆಯವು. 384ರಲ್ಲಿ ರೋಮಿನ ನಗರಾಧಿಕಾರಿ ಸಿಮ್ಮಾಕಸ್, ಸೆನೆಟ್ ಸಭಾಂಗಣದಿಂದ ತೆಗೆಸಿದ ವಿಜಯದೇವಿಯ ಬಲಿಪೀಠವನ್ನು ಮತ್ತೆ ಇಡಿಸಿಕೊಡಿ ಎಂದು ಬರೆದದ್ದು. ಅಷ್ಟು ದೊಡ್ಡ ಗುಟ್ಟನ್ನು ಒಂದೇ ದಾರಿಯಿಂದ ಮುಟ್ಟಲಾಗದು ಎಂಬ ಮಾತು ಅದರಲ್ಲಿದೆ. ಇನ್ನೊಂದು, ಕೆಲವು ವರ್ಷದ ನಂತರ ಅಂತಿಯೋಕ್ಯದ ವಾಗ್ಮಿ ಲಿಬಾನಿಯಸ್ ಚಕ್ರವರ್ತಿಗೆ ಗುಡಿಗಳ ಪರವಾಗಿ ಬರೆದದ್ದು; ಆನೆಗಿಂತ ಹೆಚ್ಚು ತಿನ್ನುವ, ಕರಿ ಬಟ್ಟೆಯ ಸನ್ಯಾಸಿಗಳು ಗುಡಿಗಳ ಮೇಲೆ ಬೀಳುತ್ತಾರೆ ಎಂದು ಅವನ ದೂರು. ಗುಡಿ ಹೋದರೆ ಹೊಲ ಉಳುವವರ ಎದೆಗುಂದುತ್ತದೆ, ತೆರಿಗೆಯೂ ಹೋಗುತ್ತದೆ ಎಂದೂ ಅವನು ಲೆಕ್ಕ ಹೇಳುತ್ತಾನೆ. ಸಿಮ್ಮಾಕಸನಿಗೆ ಮಿಲಾನಿನ ಬಿಷಪ್ ಅಂಬ್ರೋಸ್ ಕೊಟ್ಟ ಉತ್ತರವನ್ನೂ ಅದೇ ದಿನ ಓದಿ ಮುಗಿಸಿ, ಒಂದನ್ನೇ ಓದಿ ಮಲಗಬೇಡಿ.

ಇಷ್ಟಾದ ಮೇಲೆ ಹಳೆಯ ನೋಟ್‌ಬುಕ್ ತೆಗೆದು, ದೇಮೇತ್ರಿಯನ ಮುಂದಿನ ಮೂರನೇ ಕಂಬದಲ್ಲಿ ನೀವು ಏನು ಬರೆದಿದ್ದಿರಿ ನೋಡಿ. ಪಕ್ಕದಲ್ಲಿ ಲಿಬಾನಿಯಸ್‌ನ ತೆರಿಗೆಯ ಮಾತನ್ನು ಬರೆದುಕೊಳ್ಳಿ.